ನಕ್ಷೆ ಬಚ್ಚಿಡಬೇಡಿ: ರಾವಂದೂರು ಹೋಬಳಿಯ ವರ್ಕ್‌ಶಾಪಿನವರಿಗೆ ಒಂದು ಬಹಿರಂಗ ಪತ್ರ

ರಾವಂದೂರು ಹೋಬಳಿಯ ವೆಲ್ಡಿಂಗ್ ಶಾಪು, ಲೇತು, ಗ್ಯಾರೇಜು, ಮರಗೆಲಸದ ಶೆಡ್ಡು, ಹಿಟ್ಟಿನ ಗಿರಣಿಗಳಲ್ಲಿ ದುಡಿಯುತ್ತಿರುವ ಅಣ್ಣಂದಿರಿಗೆ, ಐಟಿಐ ಓದಿ ಕೆಲಸಕ್ಕಾಗಿ ಕಾಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಏಳಿಗೆಯ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಕಡೆ ಹೋಗಿ ನಿಲ್ಲುತ್ತದೆ. ಬೆಳೆಗೆ ಒಳ್ಳೆಯ ಬೆಲೆ ಬರಬೇಕು, ಇಲ್ಲವೇ ಯಾವುದಾದರೊಂದು ದೊಡ್ಡ ಕಾರ್ಖಾನೆ ಇತ್ತ ಬರಬೇಕು. ಬೆಲೆ ಕಟ್ಟುವವರು ಬೇರೆಲ್ಲೋ ಇದ್ದಾರೆ, ಕಾರ್ಖಾನೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರೂ ಬೇರೆಲ್ಲೋ ಇದ್ದಾರೆ. ಹಾಗಾಗಿ ಈ ಎರಡೂ ದಾರಿಯಲ್ಲಿ ನಾವು ಮಾಡಬಹುದಾದದ್ದು ಕೇಳುವುದು ಮತ್ತು ಕಾಯುವುದು ಮಾತ್ರ. ಮೂರನೆಯದೊಂದು ದಾರಿ ಇದೆ, ಅದು ಬಹುಪಾಲು ನಿಮ್ಮ ಕೈಯಲ್ಲೇ ಇದೆ ಎಂದು ತೋರಿಸಲು ಈ ಪತ್ರ ಬರೆಯುತ್ತಿದ್ದೇನೆ. ನೀವು ಮಾಡುವ ಸಾಧನಗಳ ನಕ್ಷೆ, ಅಳತೆ, ಕಬ್ಬಿಣದ ಗೇಜು, ಮಾಡುವ ಕ್ರಮ, ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು ಎಂಬ ಅನುಭವ, ಇವೆಲ್ಲವನ್ನೂ ಕನ್ನಡದಲ್ಲಿ ಬರೆದು ಯಾರು ಬೇಕಾದರೂ ನೋಡಿ ಮಾಡಿಕೊಳ್ಳುವಂತೆ ತೆರೆದಿಡಿ. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಬರೆಯಲು ತೊಡಗಿ ಎಲ್ಲರಿಗೂ ತೆರೆದಿಟ್ಟ ಲಿನಕ್ಸ್ ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿದೆ. ಆದರೆ ತಂತ್ರಾಂಶವನ್ನು ನಕಲು ಮಾಡಲು ಕಾಸು ಬೇಕಿಲ್ಲ. ಕಬ್ಬಿಣಕ್ಕೆ, ಕರೆಂಟಿಗೆ, ಕೂಲಿಗೆ ಬೇಕು. ಆದ್ದರಿಂದ ಕಂಪ್ಯೂಟರಿನ ಪಾಠವನ್ನು ನೇರವಾಗಿ ವರ್ಕ್‌ಶಾಪಿಗೆ ತರಲಾಗದು. ಕಬ್ಬಿಣ, ಬೆಂಕಿ, ನೀರು, ಬೆಳೆ ಇವುಗಳ ನಡುವೆಯೇ ಇದಕ್ಕೆ ಪುರಾವೆ ಹುಡುಕಬೇಕು.

ಮೊದಲ ಪುರಾವೆ ನಮ್ಮ ಹೊಲದಂಚಿನಲ್ಲೇ ಇದೆ. ನಮ್ಮದು ಬರೀ ಬೇಸಾಯದ ಸೀಮೆ, ಇಲ್ಲಿ ಕೈಗಾರಿಕೆ ಇಲ್ಲ ಎನ್ನುವವರು ಹೊಗೆಸೊಪ್ಪಿನ ಬ್ಯಾರನ್ನನ್ನು ಸರಿಯಾಗಿ ನೋಡಿಲ್ಲ. ವರ್ಜೀನಿಯಾ ಹೊಗೆಸೊಪ್ಪು ಗಿಡದಿಂದ ಮುರಿದ ಕೂಡಲೇ ಮಾರುವ ಬೆಳೆಯಲ್ಲ. ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತಂತಸ್ತಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಒಳಗೆ ಹಾಯ್ದಿರುವ ತಗಡಿನ ಕೊಳವೆಗಳ ಕಾವಿನಲ್ಲಿ ಐದಾರು ದಿನ ಹಗಲಿರುಳು ಬೇಯಿಸಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕಡೆಗೆ ನಡುದಂಟು ಒಣಗಬೇಕು. ಒಂದೊಂದು ಹಂತಕ್ಕೂ ಶಾಖ ಬೇರೆ, ಗಾಳಿ ಬಿಡುವ ಲೆಕ್ಕ ಬೇರೆ. ಒಂದು ರಾತ್ರಿ ಒಲೆ ಕಾಯುವವರ ಕಣ್ಣು ತಪ್ಪಿದರೆ ಇಡೀ ಬ್ಯಾರನ್ನಿನ ಸೊಪ್ಪಿನ ದರ್ಜೆ ಇಳಿಯುತ್ತದೆ. ಹೀಗೆ ಕಚ್ಚಾ ಮಾಲನ್ನು ಶಾಖದ ಲೆಕ್ಕದಲ್ಲಿ ಹದಮಾಡಿ ಬೇಲು ಕಟ್ಟಿ ಮಾರುಕಟ್ಟೆಗೆ ಕಳಿಸುವ ಕಟ್ಟಡಕ್ಕೆ ಕಾರ್ಖಾನೆ ಎಂದಲ್ಲದೆ ಬೇರೇನು ಹೇಳಬೇಕು? ಅಂಥ ಸಾವಿರಾರು ಕಾರ್ಖಾನೆಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿವೆ. ಅವುಗಳ ನಕ್ಷೆ ಯಾವ ಒಬ್ಬ ಮಾಲೀಕನದ್ದೂ ಅಲ್ಲ. ಗಾರೆಯವರು ನೋಡಿ ಕಲಿತು ಕಟ್ಟಿದರು, ತಗಡಿನ ಕೆಲಸದವರು ನೋಡಿ ಕಲಿತು ಕೊಳವೆ ಮಾಡಿದರು, ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರವೂ ತಂಬಾಕು ಮಂಡಳಿಯೂ ಸುಧಾರಣೆಗಳನ್ನು ರೈತರಿಗೆ ತಿಳಿಸುತ್ತ ಬಂದವು. ಮುಕ್ತವಾಗಿದ್ದ ನಕ್ಷೆ, ಚಿಕ್ಕ ಬಂಡವಾಳ, ಊರಿನ ಕೈಗಳು, ಈ ಮೂರೂ ಸೇರಿದರೆ ಒಂದು ಕೈಗಾರಿಕೆ ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಬ್ಯಾರನ್ನಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೂ ಈ ಕಾರ್ಖಾನೆಗಳಿಂದ ಎಲ್ಲರ ಮನೆ ತುಂಬಲಿಲ್ಲ. ಇದಕ್ಕೆ ಕಾರಣ ನೇರವಾಗಿ ನೋಡಬೇಕು. ಹೊಗೆಸೊಪ್ಪಿನಲ್ಲಿ ಮಾಡುವ ಕೆಲಸ ಎಲ್ಲರದ್ದು, ಉಳಿದದ್ದೆಲ್ಲ ಬೇರೆಯವರದ್ದು. ಎಷ್ಟು ಬೆಳೆಯಬೇಕು ಎಂಬುದನ್ನು 1975ರ ಕಾಯ್ದೆಯಡಿ ಹುಟ್ಟಿ ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ಮಂಡಳಿ ನಿಗದಿಮಾಡುತ್ತದೆ. ಲೈಸೆನ್ಸ್ ಇಲ್ಲದ ಬ್ಯಾರನ್ನಿಗೆ ಮಾರುಕಟ್ಟೆಯಲ್ಲಿ ಸರಿಯಾದ ನೆಲೆಯಿಲ್ಲ. ಕಂಪಲಾಪುರದ ಹರಾಜು ಮಾರುಕಟ್ಟೆಯಿರಲಿ, ಚಿಲ್ಕುಂದ, ಕಟ್ಟೆಮಳಲವಾಡಿಯದ್ದಿರಲಿ, ಬೇಲು ಮುಂದಿಟ್ಟು ನಿಂತ ಬೆಳೆಗಾರರು ಸಾವಿರಾರು, ಕೊಳ್ಳುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿದ ಮೇಲೆ ಈ ಬೆಳೆಗೆ ದೀರ್ಘ ಭವಿಷ್ಯವಿಲ್ಲವೆಂಬುದು ನಮಗೆಲ್ಲ ಗೊತ್ತು. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯೂ ಹೌದು. ಹಾಗಾಗಿ ನನ್ನ ವಾದದ ಒಂದು ಭಾಗವನ್ನು ಈಗಲೇ ಹೇಳಿಬಿಡುತ್ತೇನೆ. ನಕ್ಷೆ ತೆರೆದಿಟ್ಟ ಮಾತ್ರಕ್ಕೆ ಸಮೃದ್ಧಿ ಬರುವುದಿಲ್ಲ. ಅದರ ಜೊತೆಗೆ ಗುಣಮಟ್ಟ ಅಳೆಯುವ ಕೋಲು ಎಲ್ಲರಿಗೂ ಒಂದೇ ಇರಬೇಕು, ಮಾರುವ ಕಟ್ಟೆಯೂ ಮಾಡುವವರದ್ದೇ ಆಗಿರಬೇಕು. ಈ ಮೂರರಲ್ಲಿ ಮೊದಲನೆಯದು ನಿಮ್ಮಿಂದ ಶುರುವಾಗಬೇಕಾದದ್ದು.

ತೆರೆದಿಡುವುದರಿಂದ ಕೆಲಸ ಉತ್ತಮವಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಬಲವಾದ ಉದಾಹರಣೆ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತಾಮ್ರ, ತವರದ ಗಣಿಗಳಲ್ಲಿ ತುಂಬುವ ನೀರನ್ನು ಉಗಿ ಎಂಜಿನ್ನುಗಳಿಂದ ಮೇಲೆತ್ತುತ್ತಿದ್ದರು. ಜೇಮ್ಸ್ ವಾಟ್‌ನ ಪೇಟೆಂಟು 1800ರವರೆಗೆ ಜಾರಿಯಲ್ಲಿತ್ತು. ಅವನ ಎಂಜಿನ್ನಿನಿಂದ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲನ್ನು ಗಣಿಯವರು ಅವನ ಕಂಪನಿಗೆ ಕಟ್ಟಬೇಕಿತ್ತು. ಪೇಟೆಂಟಿನ ಅವಧಿ ಮುಗಿದ ಮೇಲೆ ಕೆಲವು ವರ್ಷ ಎಂಜಿನ್ನುಗಳ ನಿರ್ವಹಣೆ ಹದಗೆಟ್ಟಿತು. ಆಗ, 1811ರಲ್ಲಿ, ಗಣಿಯವರೇ ಸೇರಿ ಒಂದು ಪುಟ್ಟ ಮಾಸಿಕ ವರದಿ ಶುರುಮಾಡಿದರು. ಜೋಯೆಲ್ ಲೀನ್ ಎಂಬ ಗಣಿ ಅಧಿಕಾರಿ ಅದನ್ನು ನಡೆಸಿದ. ಯಾವ ಗಣಿಯ ಯಾವ ಎಂಜಿನ್ನು ಎಷ್ಟು ಕಲ್ಲಿದ್ದಲು ಸುಟ್ಟು ಎಷ್ಟು ನೀರೆತ್ತಿತು, ಅದರ ರಚನೆ ಹೇಗಿದೆ, ನೋಡಿಕೊಳ್ಳುವವರು ಯಾರು ಎಂಬ ಲೆಕ್ಕ ಅದರಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಅಚ್ಚಾಗುತ್ತಿತ್ತು. ರಿಚರ್ಡ್ ಟ್ರೆವಿಥಿಕ್ 1812ರಲ್ಲಿ ಅಲ್ಲಿ ನಿಲ್ಲಿಸಿದ ಹೊಸ ಮಾದರಿಯ ಎಂಜಿನ್ನಿಗೆ ಪೇಟೆಂಟನ್ನೇ ತೆಗೆದುಕೊಳ್ಳಲಿಲ್ಲ. ಒಬ್ಬರು ಒಂದು ಸಣ್ಣ ಸುಧಾರಣೆ ಮಾಡಿದರೆ ಮುಂದಿನ ತಿಂಗಳ ವರದಿಯಲ್ಲಿ ಅದರ ಫಲ ಕಾಣುತ್ತಿತ್ತು, ಅದರಾಚೆಗಿನ ತಿಂಗಳು ಉಳಿದವರು ಅದನ್ನು ಅಳವಡಿಸಿಕೊಳ್ಳುತ್ತಿದ್ದರು. ಮೂರು ದಶಕಗಳಲ್ಲಿ ಅದೇ ಒಂದು ಚೀಲ ಕಲ್ಲಿದ್ದಲಿನಿಂದ ಎತ್ತುವ ನೀರು ಸರಾಸರಿ ಸುಮಾರು ಮೂರು ಪಟ್ಟು ಹೆಚ್ಚಿತು. ಇದನ್ನು ಸಾಧಿಸಿದ್ದು ಯಾವುದೋ ಒಬ್ಬನ ಮಹಾ ಆವಿಷ್ಕಾರವಲ್ಲ, ನೂರಾರು ಸಣ್ಣ ತಿದ್ದುಪಡಿಗಳ ಲೆಕ್ಕವನ್ನು ಒಂದೇ ಕಡೆ ಇಟ್ಟು ನೋಡಿದ್ದು.

ಅಲ್ಲಿ ಕಲ್ಲಿದ್ದಲು ಮತ್ತು ನೀರು. ಇಲ್ಲಿ ಸೌದೆ ಮತ್ತು ಸೊಪ್ಪು. ಒಂದು ಕಿಲೋ ಹದಮಾಡಿದ ಸೊಪ್ಪಿಗೆ ನಾಲ್ಕರಿಂದ ಐದು ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಅಂದಾಜು. ಆದರೆ ಎಲ್ಲ ಬ್ಯಾರನ್ನುಗಳೂ ಒಂದೇ ಸಮ ಸೌದೆ ತಿನ್ನುವುದಿಲ್ಲ ಎಂಬುದು ಅವನ್ನು ಕಟ್ಟಿದ ನಿಮಗೆ ಚೆನ್ನಾಗಿ ಗೊತ್ತು. ಒಲೆಯ ಬಾಯಿಯ ಅಗಲ, ಕಂಬಿಯ ಜಾಲರಿಯ ಸಂದು, ಕೊಳವೆಯ ಓಟ, ಸೂರಿನಿಂದ ಸೋರುವ ಶಾಖ, ಸೌದೆಯ ಹಸಿತನ, ಇವೆಲ್ಲ ಸೇರಿ ಒಬ್ಬರ ಖರ್ಚನ್ನು ಇನ್ನೊಬ್ಬರಿಗಿಂತ ಎಷ್ಟೋ ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ. ಯಾರ ಬ್ಯಾರನ್ನು ಕಡಿಮೆ ಸೌದೆಯಲ್ಲಿ ಬೇಯಿಸುತ್ತದೆ, ಅದರ ಒಲೆ ಕಟ್ಟಿದವರು ಯಾರು, ಅಳತೆ ಏನು ಎಂಬುದು ಹೋಬಳಿಯಲ್ಲಿ ಎಲ್ಲಿಯೂ ಬರೆದಿಟ್ಟಿಲ್ಲ. ಅದು ಮಾತಿನಲ್ಲಿದೆ, ಹೊಗಳಿಕೆಯಲ್ಲಿದೆ, ಒಬ್ಬಿಬ್ಬರ ಕೈಯಲ್ಲಿದೆ. ಬೇಯಿಸುವ ಕಾಲದಲ್ಲಿ ಪ್ರತಿ ಬ್ಯಾರನ್ನಿನ ಸೌದೆಯನ್ನೂ ಸೊಪ್ಪನ್ನೂ ತೂಗಿ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿಟ್ಟರೆ, ಎರಡು ಹಂಗಾಮಿನೊಳಗೆ ಯಾವ ರಚನೆ ಉತ್ತಮ ಎಂಬ ವಾದ ತೀರಿಹೋಗುತ್ತದೆ. ಅದಾದ ಮೇಲೆ ಬೆಳೆಗಾರರು ಆ ರಚನೆಯನ್ನು ಹುಡುಕಿಕೊಂಡು ಬರುವುದು ನಿಮ್ಮ ಶೆಡ್ಡಿಗೇ. ಇಳಿಯುವ ಖರ್ಚು ಬೆಳೆಗಾರನದ್ದು, ಹೆಚ್ಚುವ ಕೆಲಸ ನಿಮ್ಮದು, ಉಳಿಯುವ ಮರ ಸೀಮೆಯದ್ದು. ಹೊಗೆಸೊಪ್ಪು ನಾಳೆ ಹೋಗುವ ಬೆಳೆಯಾದರೂ ಒಲೆ, ಗಾಳಿ, ಶಾಖ ಇವುಗಳ ಈ ಲೆಕ್ಕ ಹೋಗುವುದಿಲ್ಲ. ಮುಂದೆ ಯಾವ ಬೆಳೆ ಒಣಗಿಸಿದರೂ ಅದೇ ಬೇಕು.

ಇನ್ನೊಂದು ಸಾಕ್ಷಿ ಪ್ರತಿ ಊರಿನ ಬೋರ್‌ವೆಲ್ ಮೇಲೆ ನಿಂತಿದ್ದ ಕೈಪಂಪು. ಇಂಡಿಯಾ ಮಾರ್ಕ್-2 ಎಂಬ ಆ ಪಂಪಿನ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮ ಮನಸ್ಸಿನಲ್ಲಿ ಏಳುವ ಬಹುಪಾಲು ಅನುಮಾನಗಳಿಗೆ ಅದರಲ್ಲೇ ಉತ್ತರವಿದೆ. 1960ರ ದಶಕದ ಕೊನೆಯ ಬರಗಾಲದ ನಂತರ ದೇಶದ ತುಂಬ ಕೊಳವೆಬಾವಿ ಕೊರೆದು ಬೀಡುಕಬ್ಬಿಣದ ಕೈಪಂಪುಗಳನ್ನು ಹಾಕಿದರು. ಅವು ಒಂದು ಮನೆಯವರ ಬಳಕೆಗೆ ಹೊಂದುವ ವಿನ್ಯಾಸದವು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಒತ್ತಿದರೆ ತಡೆಯುವಂಥವಲ್ಲ. 1970ರ ದಶಕದ ಮಧ್ಯದಲ್ಲಿ ಸಮೀಕ್ಷೆ ಮಾಡಿದಾಗ ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತಿದ್ದವು. ಆ ಹೊತ್ತಿಗೆ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಉಕ್ಕಿನಿಂದ ಮಾಡಿದ ಗಟ್ಟಿಮುಟ್ಟಾದ ಪಂಪೊಂದು ಬಳಕೆಗೆ ಬಂದಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಕೇಂದ್ರ ಸರ್ಕಾರ, ಯುನಿಸೆಫ್ ಮತ್ತು ಸರ್ಕಾರಿ ಉದ್ಯಮವಾದ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಸೇರಿ ಹೊಸ ಪಂಪನ್ನು ರೂಪಿಸಿದವು. ಮುಖ್ಯ ತೀರ್ಮಾನ ಇದು: ಆ ಪಂಪಿಗೆ ಪೇಟೆಂಟು ಬೇಡ, ನಕ್ಷೆ ಸಾರ್ವಜನಿಕವಾಗಿರಲಿ, ಸಾಮಾನ್ಯ ವರ್ಕ್‌ಶಾಪಿನಲ್ಲೂ ಮಾಡಲು ಬರುವಂತಿರಲಿ. ಅದರಿಂದ ಹತ್ತಾರು ತಯಾರಕರು ಹುಟ್ಟಿಕೊಂಡರು, ಪೈಪೋಟಿಯಿಂದ ಬೆಲೆ ಹಿಡಿತದಲ್ಲಿ ಉಳಿಯಿತು, ದೇಶದಲ್ಲಿ ಲಕ್ಷಗಟ್ಟಲೆ ಪಂಪುಗಳು ನಿಂತವು, ಆಫ್ರಿಕಾದ ಹಲವು ದೇಶಗಳಿಗೂ ಹೋದವು. ಪೇಟೆಂಟು ಇಟ್ಟುಕೊಂಡು ಒಂದೇ ಕಂಪನಿ ಮಾಡಿದ್ದರೆ ಅಷ್ಟು ಬೇಗ, ಅಷ್ಟು ಕಡಿಮೆ ಬೆಲೆಗೆ ನಮ್ಮ ಹಟ್ಟಿ, ಹಾಡಿಗಳವರೆಗೆ ಅದು ಬರುತ್ತಿರಲಿಲ್ಲ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ: ನಕ್ಷೆ ಎಲ್ಲರ ಕೈಗೆ ಸಿಕ್ಕರೆ ಕಳಪೆ ಮಾಲು ಬರುವುದಿಲ್ಲವೇ? ಬರುತ್ತದೆ, ಕೈಪಂಪಿನಲ್ಲೂ ಬಂದಿತ್ತು. ತೆಳು ತಗಡು, ಸಡಿಲ ಬೆಸುಗೆ, ಅಳತೆ ತಪ್ಪಿದ ಬಿಡಿಭಾಗಗಳ ನಕಲುಗಳು ಮಾರುಕಟ್ಟೆಗೆ ಬಂದವು. ಅದಕ್ಕೆ ಪರಿಹಾರವಾಗಿ ನಕ್ಷೆಯನ್ನು ಮತ್ತೆ ಮುಚ್ಚಲಿಲ್ಲ. 1979ರಲ್ಲಿ ಐಎಸ್ 9301 ಎಂಬ ರಾಷ್ಟ್ರೀಯ ಮಾನಕ ತಂದರು. ಕಾರ್ಖಾನೆಯಿಂದ ಹೊರಡುವ ಮೊದಲೇ ಹೊರಗಿನವರಿಂದ ಪರೀಕ್ಷೆ ಮಾಡಿಸುವ ವ್ಯವಸ್ಥೆ ಮಾಡಿದರು. ನಕ್ಷೆ ತೆರೆದಿದ್ದರಿಂದಲೇ ಈ ಪರೀಕ್ಷೆ ಸಾಧ್ಯವಾಯಿತು: ಸರಿಯಾದ ಅಳತೆ ಎಲ್ಲರಿಗೂ ಗೊತ್ತಿದ್ದಾಗ ತಪ್ಪು ಅಳತೆಯನ್ನು ಯಾರು ಬೇಕಾದರೂ ಹಿಡಿಯಬಹುದು. ಗುಟ್ಟಾಗಿಟ್ಟ ಯಂತ್ರದಲ್ಲಿ ಕಳಪೆ ಯಾವುದು ಎಂದು ಕೊಂಡವನಿಗೆ ತಿಳಿಯುವುದು ಅದು ಮುರಿದ ಮೇಲೆಯೇ. ನಂತರ ಬಂದ ಮಾರ್ಕ್-3 ಮಾದರಿಯನ್ನು ದೊಡ್ಡ ತಂಡದ ಸಹಾಯವಿಲ್ಲದೆ ಊರಿನ ಮಟ್ಟದಲ್ಲೇ ದುರಸ್ತಿ ಮಾಡಲು ಅನುಕೂಲವಾಗುವಂತೆ ತಿದ್ದಿದರು. ಹೋಬಳಿಯ ಮಟ್ಟದಲ್ಲೂ ಇದೇ ಕ್ರಮ ಸಾಧ್ಯ. ನೀವೇ ಸೇರಿ ಒಂದು ಮುದ್ರೆ ಮಾಡಿಕೊಳ್ಳಿ. ಒಪ್ಪಿದ ಅಳತೆ, ಒಪ್ಪಿದ ಗೇಜಿನಂತೆ ಮಾಡಿದ ಸಾಧನಕ್ಕೆ ಮಾತ್ರ ಆ ಮುದ್ರೆ ಬೀಳಲಿ, ಪರೀಕ್ಷಿಸುವವರಲ್ಲಿ ಕೊಳ್ಳುವ ರೈತರೂ ಇರಲಿ.

ಎರಡನೆಯ ಆಕ್ಷೇಪ ಹೆಚ್ಚು ಹತ್ತಿರದ್ದು, ಹೊಟ್ಟೆಪಾಡಿನದ್ದು. ನನ್ನ ನಕ್ಷೆಯನ್ನು ಪಕ್ಕದ ಶೆಡ್ಡಿನವನಿಗೆ ಕೊಟ್ಟರೆ ನನ್ನ ಗಿರಾಕಿ ಅವನ ಬಳಿ ಹೋಗುವುದಿಲ್ಲವೇ? ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ನಿಮ್ಮಲ್ಲಿಗೆ ಗಿರಾಕಿ ಬರುವುದು ಯಾವುದಕ್ಕೆ ಎಂದು ಎಣಿಸಿ ನೋಡಿ. ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತೀರಿ, ಮುರಿದರೆ ಹೊಲಕ್ಕೇ ಬಂದು ಬೆಸೆಯುತ್ತೀರಿ, ಬೆಳೆ ಬರುವವರೆಗೆ ದುಡ್ಡಿಗೆ ಕಾಯುತ್ತೀರಿ, ಅವರ ಮಣ್ಣಿಗೆ ತಕ್ಕಂತೆ ಕಲ್ಟಿವೇಟರಿನ ಹಲ್ಲನ್ನು ಅರ್ಧ ಇಂಚು ಆಚೀಚೆ ಮಾಡಿಕೊಡುತ್ತೀರಿ. ಇದ್ಯಾವುದೂ ನಕ್ಷೆಯ ಜೊತೆ ಹೋಗುವುದಿಲ್ಲ. ಇನ್ನು ನಕಲು ಈಗಲೂ ನಡೆದೇ ಇದೆ: ಒಬ್ಬರು ಮಾಡಿದ ಟ್ರೈಲರನ್ನು ಇನ್ನೊಬ್ಬರು ಟೇಪು ಹಿಡಿದು ಅಳೆದು ಮಾಡುತ್ತಾರೆ. ಕಣ್ಣಿಗೆ ಕಾಣುವ ಅಳತೆ ಸಿಗುತ್ತದೆ, ಆಕ್ಸಲ್ಲಿಗೆ ಯಾವ ದರ್ಜೆಯ ಉಕ್ಕು ಎಂಬುದು ಸಿಗುವುದಿಲ್ಲ. ಆಮೇಲೆ ರಸ್ತೆಯಲ್ಲಿ ಮುರಿಯುವುದು ಅದೇ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ಸುಲಿಯುವ ಯಂತ್ರ ಬೆಳೆದ ಬಗೆ ನೋಡಿ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ತಿದ್ದುತ್ತ ಹಲವು ಊರುಗಳಲ್ಲಿ ಸಣ್ಣ ತಯಾರಕರು ನಿಂತರು. ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಮುಂದೆ ನಿಂತು ನಡೆಸಿದ ಯಂತ್ರ ಮೇಳಗಳಲ್ಲಿ ಅವರೆಲ್ಲ ತಮ್ಮ ಯಂತ್ರಗಳನ್ನು ಒಂದೇ ಮೈದಾನದಲ್ಲಿ ಓಡಿಸಿ ತೋರಿಸಿದರು. ಅದೇ ಊರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಯಲ್ಲೇ ಲೇಖನಿ ಕೊಟ್ಟು ಅವರ ಉಪಾಯಗಳನ್ನು ನಾಡಿಗೆಲ್ಲ ಹಂಚುತ್ತ ಬಂದಿದೆ. ಇದರಿಂದ ಯಂತ್ರ ಕೊಳ್ಳುವವರ ಸಂಖ್ಯೆಯೇ ಬೆಳೆಯಿತು. ಒಂದು ಶೆಡ್ಡಿನ ಗಿರಾಕಿ ಇನ್ನೊಂದು ಶೆಡ್ಡಿಗೆ ಹೋಗುವ ಚಿಂತೆ ಸಣ್ಣದು. ಇಡೀ ಹೋಬಳಿಯ ಗಿರಾಕಿ ದೂರದ ಊರಿನ ಯಂತ್ರ ಕೊಳ್ಳುತ್ತಿರುವುದು ದೊಡ್ಡದು.

ಹಾಗಾದರೆ ಆ ದೂರದ ದೊಡ್ಡ ತಯಾರಕರೇ ನಿಮ್ಮ ನಕ್ಷೆ ಎತ್ತಿಕೊಂಡು ಅಗ್ಗಕ್ಕೆ ಮಾಡಿದರೆ? ಮೂರನೆಯ ಈ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ಕೊಡಲು ಆಗದು. ತಂತ್ರಾಂಶದಲ್ಲಿ, ‘ಇದನ್ನು ಬಳಸಿ ತಿದ್ದಿದವರು ತಿದ್ದಿದ್ದನ್ನೂ ತೆರೆದಿಡಬೇಕು’ ಎಂಬ ಷರತ್ತನ್ನು ಲೈಸೆನ್ಸಿನಲ್ಲಿ ಹಾಕಬಹುದು. ಕೃತಿಸ್ವಾಮ್ಯದ ಬಲ ಅದಕ್ಕಿದೆ. ಯಂತ್ರದ ವಿಷಯದಲ್ಲಿ ಕೃತಿಸ್ವಾಮ್ಯ ಕಾಗದದ ಮೇಲಿನ ನಕ್ಷೆಯನ್ನು ಕಾಯುತ್ತದೆಯೇ ಹೊರತು ಅದನ್ನು ನೋಡಿ ಮಾಡಿದ ಕಬ್ಬಿಣವನ್ನು ಅಷ್ಟಾಗಿ ಕಾಯುವುದಿಲ್ಲ. ಆದರೆ ದಿನಾಂಕ ಸಹಿತ ಬಹಿರಂಗವಾಗಿ ಪ್ರಕಟಿಸಿದ ರಚನೆಗೆ ಆಮೇಲೆ ಬೇರೊಬ್ಬರು ಪೇಟೆಂಟು ಪಡೆದು ನಿಮ್ಮನ್ನೇ ಮಾಡದಂತೆ ತಡೆಯುವುದು ಕಷ್ಟ. ಹೊಸತಲ್ಲದ್ದಕ್ಕೆ ಪೇಟೆಂಟು ಇಲ್ಲ. ಬಚ್ಚಿಟ್ಟ ರಚನೆಗೆ ಈ ರಕ್ಷಣೆಯೂ ಇಲ್ಲ. ಉಳಿದಂತೆ ನಿಮ್ಮ ಬಲ ಇರುವುದು ಹತ್ತಿರದಲ್ಲಿರುವುದರಲ್ಲಿ. ಬೇರಿಂಗು, ಮೋಟರು, ಗೇರ್‌ಬಾಕ್ಸು ದೊಡ್ಡ ಕಾರ್ಖಾನೆಯಲ್ಲೇ ಚೆನ್ನಾಗಿ, ಅಗ್ಗವಾಗಿ ಆಗುತ್ತವೆ. ಅವನ್ನು ಕೊಂಡುತನ್ನಿ, ಊರಿನಲ್ಲಿ ಮಾಡುವ ಹಟ ಬೇಡ. ಚೌಕಟ್ಟು, ಒಲೆ, ಕೊಳವೆ, ತಟ್ಟೆ, ಜರಡಿ, ತೊಳೆಯುವ ಡ್ರಮ್ಮು ಇಂಥವು ಗಾತ್ರದಲ್ಲಿ ದೊಡ್ಡವು, ಸಾಗಿಸಲು ದುಬಾರಿ, ಊರಿಂದೂರಿಗೆ ಅಳತೆ ಬದಲಾಗುವಂಥವು, ಅವು ನಿಮ್ಮವು. ಫ್ರಾನ್ಸಿನ ‘ಲಾತೆಲಿಯೆ ಪೇಯಿಸಾನ್’ ಎಂಬ ರೈತರ ಸಹಕಾರಿ ಸಂಸ್ಥೆ ಸಣ್ಣ ಹಿಡುವಳಿಯ ಸಲಕರಣೆಗಳ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟು, ರೈತರಿಗೇ ವೆಲ್ಡಿಂಗ್ ಕಲಿಸುವ ಶಿಬಿರ ನಡೆಸುತ್ತ ನಿಂತಿರುವುದು ಈ ಲೆಕ್ಕದ ಮೇಲೆಯೇ.

ನಮ್ಮ ಹಿಂದಿನ ವ್ಯವಸ್ಥೆ ಇದೇ ಅಲ್ಲವೇ, ಕಮ್ಮಾರರು, ಬಡಗಿಗಳು ಊರಿಗೆಲ್ಲ ನೇಗಿಲು, ಕೂರಿಗೆ ಮಾಡಿಕೊಟ್ಟು ಕಣದಲ್ಲಿ ಆಯ ಪಡೆಯುತ್ತಿರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅರ್ಧ ಮಾತ್ರ ನಿಜ. ಕೂರಿಗೆಯ ಫಲ ಊರಿನದ್ದಾಗಿತ್ತು, ಅದನ್ನು ಮಾಡುವ ವಿದ್ಯೆ ಜಾತಿಯದ್ದಾಗಿತ್ತು. ತಂದೆಯಿಂದ ಮಗನಿಗೆ ಹೋಗುವ ವಿದ್ಯೆ ಮಗಳಿಗೆ ಹೋಗಲಿಲ್ಲ, ಕೇರಿಯವರಿಗೆ ಹೋಗಲಿಲ್ಲ, ಹಾಡಿಯ ಜೇನುಕುರುಬರಿಗೆ ಹೋಗಲಿಲ್ಲ. ಬರೆದಿಡದೆ ಕೈಯಲ್ಲೇ ಉಳಿದ ವಿದ್ಯೆ ಕುಲುಮೆಗಳು ಆರಿದಾಗ ಅವುಗಳ ಜೊತೆಗೇ ಆರಿಹೋಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಹೋದ ದೇವರಾಜ ಅರಸರು 1974ರ ಭೂ ಸುಧಾರಣಾ ತಿದ್ದುಪಡಿಯಿಂದ ಉಳುವವರಿಗೆ ಭೂಮಿಯ ಹಕ್ಕು ಕೊಡಿಸಿದರು. ವಿದ್ಯೆಯ ಹಿಡುವಳಿಗೆ ಅಂಥ ಕಾಯ್ದೆ ಬರಲಿಲ್ಲ. ನಕ್ಷೆಯನ್ನು ಕನ್ನಡದಲ್ಲಿ ಬರೆದು, ಪಟ ಬಿಡಿಸಿ, ವಿಡಿಯೊ ಮಾಡಿ ಇಡುವುದರ ಹೆಚ್ಚಿನ ಬೆಲೆ ನನ್ನ ದೃಷ್ಟಿಯಲ್ಲಿ ಇಲ್ಲಿದೆ. ಹುಟ್ಟಿನಿಂದ ಕುಲುಮೆಯ ಹತ್ತಿರ ಸುಳಿಯಲಾಗದವರೂ ಅದರಿಂದ ಕಲಿಯಬಹುದು. ನಿಮ್ಮಲ್ಲಿ ಹಲವರು ಕುಲಕಸುಬಿನಿಂದ ಬಂದವರಲ್ಲ, ಐಟಿಐಯಿಂದ ಬಂದವರು, ಗ್ಯಾರೇಜಿನಲ್ಲಿ ಹುಡುಗರಾಗಿ ದುಡಿದು ಕಲಿತವರು. ಬಾಗಿಲು ಮುಚ್ಚಿದ್ದರೆ ಏನಾಗುತ್ತಿತ್ತು ಎಂಬುದು ನಿಮಗೆ ಹೇಳಬೇಕಿಲ್ಲ.

ಏನನ್ನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಹೊಲಗಳೇ ಉತ್ತರ ಹೇಳುತ್ತಿವೆ. ಈ ಸೀಮೆಯಲ್ಲಿ ಶುಂಠಿ ಹರಡಿದೆ. ಹಸಿ ಶುಂಠಿಯನ್ನು ಕಿತ್ತು, ತೊಳೆದು, 60 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುತ್ತೇವೆ. 2023ರಲ್ಲಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು, ಆಮೇಲೆ ಅಷ್ಟೇ ಜೋರಾಗಿ ಇಳಿಯಿತು. ಹಸಿ ಮಾಲು ಕಾಯಲಾರದು, ಆದ್ದರಿಂದ ಬೆಳೆದವರೂ ಕಾಯಲಾರರು. ಒಣಶುಂಠಿ ಮಾಡಿದರೆ ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು. ಅದಕ್ಕೆ ಬೇಕಿರುವುದು ತೊಳೆಯುವ ಡ್ರಮ್ಮು, ಸಿಪ್ಪೆ ತೆಗೆಯುವ ಸಾಧನ, ಒಣಗಿಸುವ ಕೋಣೆ. ಬಾಳೆಯದ್ದೂ ಇದೇ ಕಥೆ. 2021ರಲ್ಲಿ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರ ಮತ್ತು ‘ಅಡಿಕೆ ಪತ್ರಿಕೆ’ಯ ಪ್ರೇರಣೆಯಿಂದ ಬಾಳೆಕಾಯಿ ಹುಡಿ, ಅಂದರೆ ‘ಬಾಕಾಹು’, ಮಾಡುವ ವಿಧಾನ ವಾಟ್ಸ್‌ಆ್ಯಪ್‌ನಲ್ಲಿ ಊರೂರಿಗೆ ಹರಡಿತು. ಬೆಲೆಯಿಲ್ಲದೆ ತೋಟದಲ್ಲೇ ಕೊಳೆಯುತ್ತಿದ್ದ ಬಾಳೆಗೊನೆಯನ್ನು ಹೆಂಗಸರು ಮನೆಯಲ್ಲೇ ಹುಡಿ ಮಾಡಿ ರೊಟ್ಟಿ, ದೋಸೆ, ತಿಂಡಿಗಳಿಗೆ ಬಳಸಿದರು, ಮಾರಿದರು. ಆ ವಿಧಾನಕ್ಕೆ ಯಾರೂ ಶುಲ್ಕ ಕೇಳಲಿಲ್ಲ. ಒಬ್ಬರ ಕೈಕೆಲಸದ ಅನುಭವ ಮರುದಿನ ಇನ್ನೊಂದು ಜಿಲ್ಲೆಯವರ ಪಾಠವಾಯಿತು. ಆದರೆ ಮಳೆಗಾಲದಲ್ಲಿ ಬಿಸಿಲಿಲ್ಲದೆ ಅದು ತೊಡರುವುದು ಒಣಗಿಸುವ ಹಂತದಲ್ಲಿ. ಅಲ್ಲಿಗೆ ಬೇಕಾದ ವಿದ್ಯೆ ನಮ್ಮ ಬ್ಯಾರನ್ ಒಲೆ ಕಟ್ಟುವವರ ಹತ್ತಿರವಿದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಹೊಗೆಸೊಪ್ಪು ಬೇಯಿಸಿದ ಕೋಣೆಯಲ್ಲಿ ತಿನ್ನುವ ಪದಾರ್ಥ ಒಣಗಿಸಬಾರದು, ಆ ಗೋಡೆ, ಸೂರುಗಳಲ್ಲಿ ನಿಕೋಟಿನ್ ಅಂಟಿರುತ್ತದೆ. ಕೈಗಳು ಅವೇ ಇರಲಿ, ಕೋಣೆ ಹೊಸತಿರಲಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನುವವರಿಗೆ: ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರ ಶೇ 35ರಷ್ಟು ಸಹಾಯಧನ ನಿಗದಿಮಾಡಿತು. ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿ, 15 ಲಕ್ಷ ರೂಪಾಯಿಯ ಮಿತಿಯೊಳಗೆ ಶೇ 50ಕ್ಕೆ ಏರಿಸಿತು. ಆದರೆ ಸಾಲಕ್ಕೆ ಹೋದವರನ್ನು ಬ್ಯಾಂಕು ಯಂತ್ರದ ಕೊಟೇಶನ್ ಕೇಳುತ್ತದೆ. ಕೊಟೇಶನ್ ಕೊಡುವಷ್ಟು ಸಿದ್ಧರಿರುವವರು ದೂರದ ಯಂತ್ರ ವ್ಯಾಪಾರಿಗಳು. ಸಹಾಯಧನ ರಾವಂದೂರಿನ ಹೆಸರಿನಲ್ಲಿ ಮಂಜೂರಾಗಿ ಬೇರೆ ಊರಿನಲ್ಲಿ ಖರ್ಚಾಗುತ್ತದೆ, ಯಂತ್ರ ಕೆಟ್ಟರೆ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಒಪ್ಪಿತ ನಕ್ಷೆ, ಪರೀಕ್ಷೆಯ ಮುದ್ರೆ, ಜಿಎಸ್‌ಟಿ ನೋಂದಣಿ ಇರುವ ನಿಮ್ಮದೇ ಒಂದು ಸಂಘವಿದ್ದರೆ ಆ ಕೊಟೇಶನ್ ನೀವೇ ಕೊಡಬಹುದು. 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಸರ್ಕಾರದ ಹೆಚ್ಚಿನ ಹಸ್ತಕ್ಷೇಪವಿಲ್ಲದೆ ಅಂಥ ಸಂಘ ಕಟ್ಟಿಕೊಳ್ಳಲು ಅವಕಾಶವಿದೆ. ಕಬ್ಬಿಣದ ಆ್ಯಂಗಲ್ಲು, ಶೀಟುಗಳನ್ನು ಒಟ್ಟಾಗಿ ಸಗಟಿನಲ್ಲಿ ಕೊಂಡರೆ ಸಿಗುವ ಉಳಿತಾಯ ಒಂದೇ ಸಂಘ ಕಟ್ಟಲು ಸಾಕಷ್ಟು ಕಾರಣ. ಸಹಕಾರಿ ಸಂಘವೆಂದರೆ ರಾಜಕೀಯ, ಜಗಳ, ಕೊನೆಗೆ ಬಾಗಿಲು ಎಂಬ ಅನುಭವ ಹಲವು ಕಡೆ ಇರುವುದು ಸುಳ್ಳಲ್ಲ. ಆದರೆ ನಮ್ಮದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಆಸುಪಾಸಿನಲ್ಲಿ ಬರಿಗೈಯಲ್ಲಿ ಬಂದ ಟಿಬೆಟನ್ನರು ಕಾಡಂಚಿನ ನೆಲ ಹಸನು ಮಾಡಿಕೊಂಡು, ಸಹಕಾರ ಸಂಘದ ಮೂಲಕವೇ ಬೇಸಾಯ, ಟ್ರ್ಯಾಕ್ಟರು, ರತ್ನಗಂಬಳಿ ನೇಯ್ಗೆಗಳನ್ನು ನಡೆಸಿದ್ದನ್ನು ನಾವು ಕಣ್ಣೆದುರೇ ನೋಡಿದ್ದೇವೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಕೊಕ್ಕೊ ಬೆಲೆ ಕುಸಿದು ಬೆಳೆಗಾರರು ದಿಕ್ಕೆಟ್ಟಾಗ ಅವರಿಂದ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿತು. ಬೆರಳೆಣಿಕೆಯ ಖರೀದಿದಾರರನ್ನು ನಂಬಿ ನಿಂತಿರುವ ಹೊಗೆಸೊಪ್ಪಿನ ಸೀಮೆಗೆ ಇದಕ್ಕಿಂತ ನೇರವಾದ ಪಾಠ ಕರ್ನಾಟಕದಲ್ಲಿ ಬೇರೆ ಇಲ್ಲ.

ತೆರೆದಿಡುವ ಹೊಣೆ ನಿಮ್ಮೊಬ್ಬರದ್ದೇ ಆದರೆ ಅನ್ಯಾಯ. ಜನರ ತೆರಿಗೆಯಿಂದ ನಡೆಯುವ ಪ್ರಯೋಗಾಲಯಗಳ ಸಂಶೋಧನೆಗಳೂ ತೆರೆದಿರಬೇಕು. 1950ರಿಂದ ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಸಿಎಫ್‌ಟಿಆರ್‌ಐ ಎಷ್ಟೋ ಆಹಾರ ಸಂಸ್ಕರಣೆಯ ವಿಧಾನಗಳನ್ನು ರೂಪಿಸಿದೆ. ಅವನ್ನು ಶುಲ್ಕ ಪಡೆದು ಪರವಾನಗಿಯ ಮೇಲೆ ಕೊಡುವುದು ಅಲ್ಲಿನ ಪದ್ಧತಿ. ದೊಡ್ಡ ಕಂಪನಿಗೆ ಶುಲ್ಕ ಹಾಕಲಿ, ತಕರಾರಿಲ್ಲ. ಒಂದು ಹೋಬಳಿಯ ಸ್ವಸಹಾಯ ಸಂಘ, ಒಂದು ವೆಲ್ಡಿಂಗ್ ಶಾಪು ಕೇಳಿದರೆ ಒಣಗಿಸುವ ಯಂತ್ರದ, ತೊಳೆಯುವ ಯಂತ್ರದ ನಕ್ಷೆ ಕನ್ನಡದಲ್ಲಿ, ಉಚಿತವಾಗಿ ಸಿಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ನೆಲೆಯೂರಿ ಹಳ್ಳಿಯವರ ನಡುವೆಯೇ ಕೆಲಸ ಮಾಡಿತು. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ಊರಿನ ಗಾರೆಯವರಿಗೇ ಕಲಿಸಿ ಕಟ್ಟಿಸಿದರು. ಅಂಥ ಇನ್ನೊಂದು ಪ್ರಯತ್ನವನ್ನು ಬ್ಯಾರನ್ ಸೀಮೆಯಲ್ಲಿ ಮಾಡಿರೆಂದು ಕೇಳಲು ನಮಗೆ ಹಕ್ಕಿದೆ. ಆದರೆ ನಾವೇ ಒಂದು ಅಳತೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಕೇಳಿದರೆ ಆ ಕೇಳಿಕೆಗೆ ತೂಕ ಬರುತ್ತದೆ.

ಜುಲೈನಲ್ಲಿ ಬ್ಯಾರನ್ನುಗಳಿಗೆ ಬೆಂಕಿ ಬೀಳುತ್ತದೆ. ಅದಕ್ಕೆ ಮೊದಲು ಹೋಬಳಿಯ ಹತ್ತು ಜನ ಒಲೆ ಕಟ್ಟುವವರು, ಕೊಳವೆ ಮಾಡುವವರು, ಒಪ್ಪಿಕೊಂಡ ಇಪ್ಪತ್ತು ಮೂವತ್ತು ಬೆಳೆಗಾರರು ಒಂದು ಸಂಜೆ ಸೇರಿದರೆ ಲೆಕ್ಕದ ಪುಸ್ತಕ ಶುರುವಾಗುತ್ತದೆ. ಮೊದಲ ವರ್ಷಕ್ಕೆ ಕಾಲಮ್ಮುಗಳು ಐದೇ ಸಾಕು: ಬ್ಯಾರನ್ನಿನ ಅಳತೆ, ಒಲೆಯ ರಚನೆ, ಸುಟ್ಟ ಸೌದೆಯ ತೂಕ, ಬಂದ ಸೊಪ್ಪಿನ ತೂಕ, ಒಲೆ ಕಟ್ಟಿದವರ ಹೆಸರು. ಆ ಕೊನೆಯ ಕಾಲಮ್ಮನ್ನು ಬಿಡಬೇಡಿ. ನಕ್ಷೆ ಎಲ್ಲರದ್ದಾದರೂ ಕೆಲಸದ ಹೆಸರು ಮಾಡಿದವರದ್ದೇ ಆಗಿರಬೇಕು.